ಎಡಗಡೆಯ ಸೀಟು

ಸೆಪ್ಟೆಂಬರ್ 4, ಸೋಮವಾರ

ಕಾರು ಬಂತು. ಬರೆಯಲು ಕೂತರೂ ಕಣ್ಣು ಹೊರಗೆ ಅದರ ಮೇಲೇ ಇದೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಇರಲಿ, ಈ ಪುಸ್ತಕ ಓದುವವಳು ನಾನೊಬ್ಬಳೇ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಅಕ್ಷರ ತಿದ್ದಿದವಳಿಗೆ ಅಷ್ಟು ರಿಯಾಯಿತಿ ಇರಬೇಕು.

ಆಕ್ಲೆಂಡಿನ ಅಕ್ಕ ಫಿಲೋಮೆನಾ ಜಪಾನಿನಿಂದ ಹಡಗಿಗೆ ಹಾಕಿಸಿ ಕಳಿಸಿದ್ದು. ಅಲ್ಲಿ ಯಾರೋ ಎಂಟು ವರ್ಷ ಓಡಿಸಿದ್ದಾರಂತೆ. ಆದರೂ ಒಳಗೆ ಕೂತರೆ ನಿನ್ನೆ ಅಂಗಡಿಯಿಂದ ಇಳಿಸಿದ ಹಾಗಿದೆ. ನಮ್ಮ ಊರಿನ ಪಾದ್ರಿ ಎಲಿಸಾರಾ ಅವರು ರಾಜಧಾನಿ ಅಪಿಯಾದ ಬಂದರಿನಿಂದ ಓಡಿಸಿಕೊಂಡು ಬಂದು ಜೀಗುಜ್ಜೆ ಮರದ ಕೆಳಗೆ ನಿಲ್ಲಿಸಿದರು. ಸಾಲಿನ ಮನೆಯವರೆಲ್ಲ ಚಾಪೆ ಬಿಟ್ಟು ಎದ್ದು ಬಂದರು. ಇದಕ್ಕೆ ಕೀಲಿ ತಿರುಗಿಸುವುದೇ ಬೇಡ. ಗುಂಡಿ ಒತ್ತಿದರೆ ಪರದೆ ಬೆಳಗುತ್ತದೆ, ಒಳಗಿನಿಂದ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಬಹಳ ವಿನಯದಿಂದ ಏನೋ ಹೇಳುತ್ತಾಳೆ. ಅಲೆಸಾನಾ ಟೋಪಿ ತೆಗೆದು, ತಲೆ ತಗ್ಗಿಸಿ ಕೇಳಿ, ಕೊನೆಗೆ “ಆಮೆನ್” ಅಂದ. ಪಾದ್ರಿಗಳೂ ಅಂದರು. ಪಾದ್ರಿಗಳೇ ಅಂದ ಮೇಲೆ ಎಲ್ಲರೂ ಅಂದರು.

ಅಲೆಸಾನಾ ನನ್ನ ಗಂಡ. ಇದನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗಿಲ್ಲ, ಆದರೆ ಹೊಸ ಪುಸ್ತಕ, ಎಲ್ಲವನ್ನೂ ಸರಿಯಾಗಿ ಬರೆದಿಡೋಣ. ಮೂವತ್ತೆರಡು ವರ್ಷ ಕೊಬ್ಬರಿ ಲಾರಿ ಓಡಿಸಿದವನು. ಸಕ್ಕರೆ ಕಾಯಿಲೆ ಮೊದಲು ಅವನ ಕಣ್ಣು ತಿಂದಿತು, ಆಮೇಲೆ ಮೂತ್ರಪಿಂಡ. ಈಗ ಮಂಗಳವಾರ, ಗುರುವಾರ, ಶನಿವಾರ ಅಪಿಯಾದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಯಂತ್ರಕ್ಕೆ ಕೈ ಕೊಟ್ಟು ರಕ್ತ ತೊಳೆಸಿಕೊಳ್ಳಬೇಕು. ಇಷ್ಟು ದಿನ ಪಾದ್ರಿಗಳ ಪಿಕಪ್ಪಿನಲ್ಲಿ ನಡೆಯಿತು. ಅಕ್ಟೋಬರ್ ಕೊನೆಗೆ ಅವರು ಆರು ತಿಂಗಳಿಗೆಂದು ಮಗಳ ಮನೆಗೆ ಹೊರಟಿದ್ದಾರೆ. ನವೆಂಬರಿನಿಂದ ಅಲೆಸಾನಾನ ಸರದಿ ಮಧ್ಯಾಹ್ನಕ್ಕೆ ಬೀಳುತ್ತದೆ, ಅದು ಮುಗಿಯುವ ಹೊತ್ತಿಗೆ ದ್ವೀಪದ ದಕ್ಷಿಣ ತೀರದ ನಮ್ಮ ಊರಿಗೆ ಬಸ್ಸಿಲ್ಲ.

ಅವನ ತಂಗಿ ತಿರೇಸಾ ಅಪಿಯಾ ಪಕ್ಕದ ವೈತೆಲೆಯಲ್ಲಿ ಕೋಣೆ ಖಾಲಿ ಮಾಡಿಟ್ಟಿದ್ದಾಳೆ. “ಅಲ್ಲಿ ನಾಲ್ಕು ಗೋಡೆ ನೋಡ್ಕೊಂಡು ಕೂರೋದಾದ್ರೆ ನಂಗೆ ಆ ಯಂತ್ರಾನೇ ಬೇಡ” ಅಂತ ಅಲೆಸಾನಾ ಹೇಳಿಬಿಟ್ಟಿದ್ದಾನೆ. ಯಂತ್ರ ಬೇಡ ಅಂದರೆ ಅವನಿಗೆ ಉಳಿಯುವುದು ಒಂದೆರಡು ವಾರ. ಅದಕ್ಕೇ ಐವತ್ತೆಂಟನೆಯ ವಯಸ್ಸಿನಲ್ಲಿ, ಸೈಕಲ್ಲೂ ತುಳಿಯದ ನಾನು, ಅಕ್ಟೋಬರ್ ಮುಗಿಯುವುದರೊಳಗೆ ಲೈಸೆನ್ಸ್ ತೆಗೆದುಕೊಳ್ಳಬೇಕು. ಹೆದರಿಕೆ ಆಗಬೇಕಿತ್ತು, ಆಗುತ್ತಿಲ್ಲ. ಆ ಗುಂಡಿಗಳನ್ನೆಲ್ಲ ಯಾವಾಗ ಒತ್ತಿ ನೋಡುತ್ತೇನೋ ಅನ್ನಿಸುತ್ತಿದೆ.

ಸೆಪ್ಟೆಂಬರ್ 7, ಗುರುವಾರ

ಪಾದ್ರಿಗಳು ಇವತ್ತು ನಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಅಲೆಸಾನಾ ಒಳಗೆ ಯಂತ್ರದ ಹತ್ತಿರ, ನಾನು ಆಸ್ಪತ್ರೆಯ ಅಂಗಳದಲ್ಲಿ ಕಾರಿನೊಳಗೆ. ನಾಲ್ಕು ಗಂಟೆ, ಮೂವತ್ತೊಂದು ಗುಂಡಿ. ಒಂದನ್ನೂ ಬಿಡಲಿಲ್ಲ. ಒಂದು ಒತ್ತಿದರೆ ಹೊರಗಿನ ಕನ್ನಡಿಗಳು ಹಂದಿಯ ಕಿವಿಯ ಹಾಗೆ ಮಡಚಿಕೊಂಡವು. ಇನ್ನೊಂದಕ್ಕೆ ಸೀಟು ಹಿಂದಕ್ಕೆ ಸರಿದು ನನ್ನನ್ನು ಅರ್ಧ ಮಲಗಿಸಿತು. ಮತ್ತೊಂದನ್ನು ಒತ್ತಿದಾಗ ಏನೂ ಆಗಲಿಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಕೂತ ಜಾಗ ಬೆಚ್ಚಗಾಗತೊಡಗಿತು. ನನಗೆ ಬಂದ ಮೊದಲ ಅನುಮಾನವನ್ನು ಇಲ್ಲಿ ಬರೆಯುವುದಿಲ್ಲ. ಇಳಿದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಸೊಂಟಕ್ಕೆ ಸುತ್ತಿದ್ದ ಲಾವಲಾವ ಮುಟ್ಟಿ ನೋಡಿದೆ. ಒಣಗಿತ್ತು. ಸೀಟೇ ಬಿಸಿಯಾಗುತ್ತಿತ್ತು.

ಪಾದ್ರಿಗಳು ಬಿದ್ದು ಬಿದ್ದು ನಕ್ಕರು. “ಈ ಸೆಕೆಗೆ ಸೀಟು ಬೇರೆ ಕಾಯಿಸ್ಬೇಕಾ ಲಾಂಗಿ? ಚಳಿ ದೇಶದೋರ ಕರ್ಮ ಅದು.”

ಆದರೆ ಯಂತ್ರದಿಂದ ಎದ್ದು ಬಂದಾಗಲೆಲ್ಲ ಅಲೆಸಾನಾ ಗಡಗಡ ನಡುಗುತ್ತಾನೆ. ಬಿಸಿಲಲ್ಲಿ ನಿಲ್ಲಿಸಿದರೂ ಹಲ್ಲು ಕಟಕಟ ಅನ್ನುತ್ತದೆ. ಇವತ್ತು ಅವನು ಬರುವ ಮೊದಲೇ ಅವನ ಸೀಟಿನ ಗುಂಡಿ ಒತ್ತಿಟ್ಟೆ. ಕೂತವನು ಎರಡೂ ಕೈಯಿಂದ ಸೀಟನ್ನು ತಡವಿ ನೋಡಿದ. ಬೆಟ್ಟದ ರಸ್ತೆ ಅರ್ಧ ಏರಿದ ಮೇಲೆ, “ಮುದುಕಿ, ಅಡಿಗೆ ಒಲೇಲಿ ಕಲ್ಲು ಕಾಯಿಸ್ತೀವಲ್ಲ, ಅದನ್ನ ಯಾರೋ ತಂದು ಸೀಟಿನ ಕೆಳಗೆ ಇಟ್ಟಿದಾರೆ ಕಣೆ” ಅಂದ. ಮನೆಯವರೆಗೂ ನಡುಗಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಹತ್ತು ಸಲ ಹೇಳಿದೆ.

ಸೆಪ್ಟೆಂಬರ್ 11, ಸೋಮವಾರ

ನಾನು ಕಾರು ಓಡಿಸಿದೆ. ಕೆಸುವಿನ ತೋಟದ ದಾರಿಯಲ್ಲಿ, ಕೊನೆಯವರೆಗೆ, ವಾಪಸ್ಸೂ.

ಕಾನೂನಿನ ಪ್ರಕಾರ ಲೈಸೆನ್ಸ್ ಇರುವ ಪಾದ್ರಿಗಳು ನನ್ನ ಪಕ್ಕ ಕೂರಬೇಕು. ಆದರೆ ಅಲೆಸಾನಾನನ್ನು ಆ ಎಡಗಡೆಯ ಸೀಟಿನಿಂದ ಎಬ್ಬಿಸುವವರು ಯಾರು? ಹದಿನಾಲ್ಕು ವರ್ಷದ ಹಿಂದೆ ನಮ್ಮ ದೇಶ ಒಂದು ಬೆಳಗ್ಗೆ ರಸ್ತೆಯ ಬಲಗಡೆಯಿಂದ ಎಡಗಡೆಗೆ ಹೊರಳಿತು, ಸ್ಟಿಯರಿಂಗ್ ಬಲಕ್ಕಿರುವ ಜಪಾನಿನ ಕಾರುಗಳು ಬಂದವು. ಇವನ ಲಾರಿಗೆ ಮಾತ್ರ ಕೊನೆಯವರೆಗೂ ಸ್ಟಿಯರಿಂಗ್ ಎಡಕ್ಕೇ ಇತ್ತು. ಹಾಗಾಗಿ ಇವನು ಈಗ ಕೂರುವುದು ಮೂವತ್ತೆರಡು ವರ್ಷ ಕೂತ ಜಾಗದಲ್ಲೇ. ಎದುರಿಗೆ ಚಕ್ರ ಒಂದಿಲ್ಲ, ಅಷ್ಟೆ. ತಿರುವು ಬಂದಾಗ ಕೈ ತಾನಾಗಿ ಮೇಲೇಳುತ್ತದೆ. ಕಾಲಂತೂ ಸುಮ್ಮನಿರುವುದೇ ಇಲ್ಲ, ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಹೊಸ ಕಾಲೊರಸನ್ನು ಒಂದು ಕಡೆಗೆ ತಳ್ಳಿಬಿಟ್ಟಿದ್ದಾನೆ. ಪಾದ್ರಿಗಳು ಹಿಂದೆ ಕಣ್ಣು ಮುಚ್ಚಿ ಕೂತಿದ್ದರು.

“ಇಂಡಿಕೇಟರ್ ಹಾಕೆ.”

“ಯಾವುದು?”

“ಎಡಗೈ ಕಡ್ಡಿ. ಅಷ್ಟೂ ಗೊತ್ತಿಲ್ವಾ?”

ಎಡಗೈ ಕಡ್ಡಿ ಒತ್ತಿದೆ. ಸುಡು ಬಿಸಿಲಲ್ಲಿ ವೈಪರ್‌ಗಳು ಒಣ ಗಾಜನ್ನು ಕೆರೆಯತೊಡಗಿದವು. ಈ ಕಾರಿನಲ್ಲಿ ಎಲ್ಲವೂ ಅವನ ಲಾರಿಗೆ ತಿರುಗುಮುರುಗು, ಇಂಡಿಕೇಟರ್ ಬಲಗೈಗೆ. ಮೂರು ಸಲ ಹೇಳಿದೆ. ಮೂರು ಸಲವೂ “ಗೊತ್ತು, ಗೊತ್ತು” ಅಂದು ಮತ್ತೆ ಎಡಗೈ ಅಂದ.

ಇನ್ನೊಂದು ಪೇಚಾಟ. ಲಾರಿಯ ಸದ್ದು ಕೇಳಿಯೇ ಅವನಿಗೆ ಎಲ್ಲ ತಿಳಿಯುತ್ತಿತ್ತು. ಈ ಕಾರು ಅರ್ಧ ಹೊತ್ತು ಬ್ಯಾಟರಿಯಲ್ಲೇ ಓಡುತ್ತದೆ, ಸದ್ದಿಲ್ಲ. “ಓಡ್ತಾ ಇದೆಯೇನೆ? ನಿಂತಿದೆಯಾ?” ಅಂತ ದಾರಿಯುದ್ದಕ್ಕೂ ಕೇಳಿದ. ಕಾಣುವುದೂ ಇಲ್ಲ, ಕೇಳುವುದೂ ಇಲ್ಲ ಅಂದರೆ ಆಜ್ಞೆ ಕೊಡುವುದು ಹೇಗೆ, ಪಾಪ.

ಸೆಪ್ಟೆಂಬರ್ 16, ಶನಿವಾರ

ಕಾರು ಮಾತಾಡುತ್ತದೆ. ಜಪಾನಿನ ಹೆಂಗಸಿನ ಮಾತಲ್ಲ, ಅದು ಬೇರೆ. ಗಂಟೆಗಳ ಮಾತು.

ಬೆಳಗ್ಗೆ ಕೆಸುವಿನ ಗಡ್ಡೆಯ ಬುಟ್ಟಿಯನ್ನು ಮುಂದಿನ ಸೀಟಿನ ಮೇಲಿಟ್ಟರೆ ಟಿಣ್ ಟಿಣ್ ನಿಲ್ಲಲೇ ಇಲ್ಲ. ಕೊನೆಗೆ ಬುಟ್ಟಿಗೆ ಬೆಲ್ಟ್ ಹಾಕಿದೆ, ಸುಮ್ಮನಾಯಿತು. ಆಗ ಅಲೆಸಾನಾನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅವನಿಗೆ ಕೇಳಿಸುವಂಥದ್ದು ಕಾರಿನಲ್ಲಿ ಏನೋ ಒಂದು ಸಿಕ್ಕಿತು. ಕಾರಿನ ಜೊತೆ ಬಂದ ಪುಸ್ತಕ ಜಪಾನಿಯಲ್ಲಿದ್ದರೇನಂತೆ, ನಾವೇ ಒಂದು ಬರೆದೆವು. ಅವನು ಕೇಳಿ ಹೇಳಿದ, ನಾನು ನೋಡಿ ಹೊಂದಿಸಿದೆ. ನಿಧಾನದ ಒಂಟಿ ಗಂಟೆ: ಬೆಲ್ಟ್. ಬೇಗ ಬೇಗ ಮೂರು: ಬಿಳಿ ಗೆರೆ ದಾಟಿದೆ. ಉದ್ದನೆಯ ಕಿರುಚು: ಮುಂದೆ ಏನೋ ಇದೆ. ಹಿಂದಕ್ಕೆ ಹೋಗುವಾಗ ಹತ್ತಿರ ಹತ್ತಿರ ಆಗುವ ಸದ್ದು: ಮರ, ಗೋಡೆ, ಇಲ್ಲವೇ ಪಾದ್ರಿಗಳು.

ಅಪಿಯಾ ಹತ್ತಿರದ ರಸ್ತೆಗೆ ಹೊಸದಾಗಿ ಬಿಳಿ ಗೆರೆ ಬಳಿದಿದ್ದಾರೆ. ಅಷ್ಟು ದೂರದಲ್ಲಿ ಬೇಗ ಬೇಗದ ಮೂರು ಗಂಟೆ ಹದಿನೇಳು ಸಲ ಬಾರಿಸಿತು. ಅಲೆಸಾನಾ ಎಣಿಸಿ ಎಣಿಸಿ ಹೇಳಿದ. ಮಕ್ಕಳು ಚೇಷ್ಟೆ ಮಾಡಿದಾಗ ನಾನೂ ಹೀಗೇ ಎಣಿಸುತ್ತಿದ್ದೆ, ಈಗ ನನ್ನ ಸರದಿ.

ಸೆಪ್ಟೆಂಬರ್ 20, ಬುಧವಾರ

ಶಾಲೆಗೆ ಗಣಿತ ಕಲಿಸಲು ಜಪಾನಿನಿಂದ ಬಂದಿರುವ ಹುಡುಗಿ ನಾಗಿಸಾಳನ್ನು ತೆಂಗಿನ ಹಾಲಿನ ಬನ್ನು ತಿನ್ನಲು ಕರೆದು ಕಾರಿನಲ್ಲಿ ಕೂರಿಸಿದೆ. ಗುಂಡಿ ಒತ್ತಿದೆ, ಹೆಂಗಸು ಹೇಳಿದಳು, ಅಲೆಸಾನಾ “ಆಮೆನ್” ಅಂದ. ನಾಗಿಸಾ ಕೈಯಿಂದ ಬಾಯಿ ಮುಚ್ಚಿಕೊಂಡಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅದು ಪ್ರಾರ್ಥನೆಯಲ್ಲವಂತೆ. ಅವರ ದೊಡ್ಡ ರಸ್ತೆಗಳಲ್ಲಿ ಸುಂಕದ ಗೇಟಿಗೆ ಒಂದು ಕಾರ್ಡು ಬೇಕಂತೆ, ಆ ಕಾರ್ಡು ಹಾಕಿಲ್ಲ ಅಂತ ದಿನಾ ನೆನಪಿಸುತ್ತಾಳಂತೆ.

“ಹದಿನೈದು ದಿನದಿಂದ ಕಾರ್ಡಿಗೆ ಆಮೆನ್ ಹೇಳಿದ್ಯಲ್ಲೋ ಮುದುಕ” ಅಂದೆ.

“ಅಷ್ಟು ಮರ್ಯಾದೆಯಿಂದ ಬೈದ್ರೆ ಯಾರಾದ್ರೂ ಆಮೆನ್ ಹೇಳ್ಬೇಕು” ಅಂದ. ಇನ್ನು ಮುಂದೆಯೂ ಹೇಳುತ್ತಾನಂತೆ. ಹೇಳಲಿ.

ಸೆಪ್ಟೆಂಬರ್ 23, ಶನಿವಾರ

ಹಂದಿ ಅಡ್ಡ ಬಂತು. ಉದ್ದನೆಯ ಕಿರುಚು, ನನ್ನ ಕಾಲು ಏಳುವ ಮೊದಲೇ ಕಾರು ತಾನೇ ನಿಂತಿತು. ಪಕ್ಕದ ಊರಿನ ಮುಖ್ಯಸ್ಥರ ಹಂದಿ, ಹತ್ತು ಮರಿಗಳ ತಾಯಿ. ತಗುಲಿದ್ದರೆ ನಮ್ಮ ಊರಿನ ಹಿರಿಯರು ಅವರ ಮನೆ ಮುಂದೆ ತಲೆಗೆ ಚಾಪೆ ಹೊದ್ದು ಕೂತು ಕ್ಷಮೆ ಕೇಳಬೇಕಿತ್ತು. ಇಳಿದು ಬಾನೆಟ್ಟಿಗೆ ಮುತ್ತು ಕೊಟ್ಟೆ. ಪಾದ್ರಿಗಳು ನೋಡಿದರು, ನೋಡಲಿ. ಇಂಥ ಕಾರಿರುವಾಗ ಪರೀಕ್ಷೆಗೆ ಏಕೆ ಹೆದರಬೇಕು? ಶುಕ್ರವಾರಕ್ಕೆ ಹೆಸರು ಕೊಟ್ಟಿದ್ದೇನೆ.

ಸೆಪ್ಟೆಂಬರ್ 29, ಶುಕ್ರವಾರ

ಫೇಲು.

ಪರೀಕ್ಷೆ ತೆಗೆದುಕೊಂಡವಳು ಲೆಮಾನಾ, ನಾಲ್ಕನೇ ತರಗತಿಯಲ್ಲಿ ನನ್ನ ಕೈಯಲ್ಲಿ ಕಲಿತವಳು. ಕಿವಿಯಲ್ಲಿ ಹೂವು, ಮುಖದಲ್ಲಿ ನಗುವಿಲ್ಲ. ಕೂತವಳೇ ತನ್ನ ಹೆಣೆದ ಬೀಸಣಿಗೆಯನ್ನು, ಕಾರಿನ ಹಿಂದಿರುವುದನ್ನೆಲ್ಲ ತೋರಿಸುವ ಪರದೆಗೆ ಅಡ್ಡ ಇಟ್ಟಳು. “ಪಕ್ಕದೋರ ಸ್ಲೇಟು ನೋಡಿ ಬರೀಬಾರ್ದು ಅಂತ ಹೇಳ್ಕೊಟ್ಟೋರು ನೀವೇ ಟೀಚರ್.”

ಹಿಂದಕ್ಕೆ ತೆಗೆಯುವುದು ಹೇಗೋ ಮುಗಿಯಿತು. ಮಾರುಕಟ್ಟೆಯ ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗಿ ಅಂದಳು. ಎದುರಿನಿಂದ ಬಸ್ಸು, ಹಿಂದೆ ಟ್ಯಾಕ್ಸಿ. ಎರಡು ವಾರದಿಂದ ತಪ್ಪದೆ ಬಲಗೈಯಲ್ಲೇ ಇಂಡಿಕೇಟರ್ ಹಾಕುತ್ತಿದ್ದವಳು ನಾನು. ಆ ಕ್ಷಣದಲ್ಲಿ ಅಲೆಸಾನಾನ ದನಿ ಕಿವಿಯಲ್ಲೇ ಕೂತು ಹೇಳಿದ ಹಾಗಾಯಿತು, ಎಡಗೈ ಕಡ್ಡಿ. ಒತ್ತಿದೆ. ವೈಪರ್ ಶುರುವಾಯಿತು, ನಿಲ್ಲಿಸಲು ಹೋಗಿ ಇನ್ನೂ ಜೋರು ಮಾಡಿದೆ. ಗಾಬರಿಯಲ್ಲಿ ಹಾಗೇ ತಿರುಗಿಸಿದೆ. ಟ್ಯಾಕ್ಸಿಯವನು ಹಾರನ್ನಿನ ಮೇಲಿಂದ ಕೈ ತೆಗೆಯಲೇ ಇಲ್ಲ.

“ಎಡಗೈ ಅಂತ ನನ್ನ ಗಂಡ ಹೇಳ್ತಿರ್ತಾರೆ” ಅಂದೆ, ಚಿಕ್ಕ ಹುಡುಗಿಯ ಹಾಗೆ.

“ಅವರೆಲ್ಲಿದಾರೆ?”

“ಹೊರಗೆ ಬೆಂಚಿನ ಮೇಲೆ.”

“ಇಲ್ಲ ಟೀಚರ್, ಇಲ್ಲೇ ಕೂತಿದಾರೆ. ಅವರನ್ನ ಇಳಿಸಿ ಒಬ್ರೇ ಬನ್ನಿ. ಮುಂದಿನ ತಿಂಗಳು ಇಪ್ಪತ್ತೇಳನೇ ತಾರೀಕು ಜಾಗ ಇದೆ, ಅದು ಬಿಟ್ರೆ ಡಿಸೆಂಬರ್.”

ಅಲೆಸಾನಾನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಸುಳ್ಳು ಹೇಳಬಹುದಿತ್ತು. ಸಿಟ್ಟು ಬಂದಿತ್ತು, ಹೇಳಿಬಿಟ್ಟೆ.

ಸೆಪ್ಟೆಂಬರ್ 30, ಶನಿವಾರ

ಅವನು ಹಿಂದಿನ ಸೀಟಿಗೆ ಹೋಗಿ ಕೂತ. ಯಾರೂ ಹೇಳಿರಲಿಲ್ಲ. ಪಾದ್ರಿಗಳು ಮುಂದೆ ಬಂದರು. ಅಪಿಯಾಗೆ ಹೋಗಿ ಬರುವವರೆಗೂ ಒಂದು ಮಾತಿಲ್ಲ. ಹಿಂದಿನ ಸೀಟಿಗೆ ಬಿಸಿಯೂ ಇಲ್ಲ. ಬೆಟ್ಟ ಇಳಿಯುವವರೆಗೂ ಅವನ ಹಲ್ಲಿನ ಸದ್ದು ಕೇಳುತ್ತಿತ್ತು.

ಅಕ್ಟೋಬರ್ 3, ಮಂಗಳವಾರ

ತಿರೇಸಾ ಫೋನ್ ಮಾಡಿದ್ದಳು. ಕೋಣೆಗೆ ಪರದೆ ಹೊಲಿಸಿದ್ದಾಳಂತೆ, ನೀಲಿ ಹೂವಿನದು. “ಅತ್ತಿಗೆ, ನಿಮ್ಮ ಹಟಕ್ಕೆ ಅಣ್ಣನ ಜೀವ ಯಾಕೆ ತೇಯ್ತೀರಿ? ಇಲ್ಲಿಂದ ಆಸ್ಪತ್ರೆ ಹತ್ತೇ ನಿಮಿಷ.” ಅವಳದ್ದು ಪ್ರೀತಿಯೇ, ನನಗೆ ಗೊತ್ತು. ಅದಕ್ಕೇ ತಿರುಗಿ ಬೈಯಲಾಗಲಿಲ್ಲ. ಅಲೆಸಾನಾ ಪಕ್ಕದಲ್ಲೇ ಕೂತು ತನ್ನ ಪಾಲಿನ ಅರ್ಧ ಲೋಟ ಕೋಕೋ ಕುಡಿಯುತ್ತಿದ್ದ, ಡಾಕ್ಟರ್ ಬಿಟ್ಟಿರುವುದೇ ಅಷ್ಟು. ಕುಡಿದು ಮುಗಿಸಿ, “ಪರದೆ ನಾ ನೋಡೋ ಹಾಗಿದ್ರೆ ತಾನೆ” ಅಂದ. ನಾನು ಎದ್ದು ಹೋಗಿ ಕಾರು ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಅವನಿಲ್ಲದೆ ಈ ಚಾಪೆಯ ಮೇಲೆ ಒಬ್ಬಳೇ ಮಲಗುವುದು ನನ್ನಿಂದ ಆಗುವುದಿಲ್ಲ.

ಅಕ್ಟೋಬರ್ 8, ಮಕ್ಕಳ ಭಾನುವಾರ

ಬಿಳಿ ಬಟ್ಟೆ ಹಾಕಿದ ಮಕ್ಕಳನ್ನು ಆರಾರರಂತೆ ತುಂಬಿಕೊಂಡು ಚರ್ಚಿಗೂ ಮನೆಗೂ ಒಂಬತ್ತು ಸುತ್ತು ಹೊಡೆದೆ, ಪಕ್ಕದಲ್ಲಿ ಪಾದ್ರಿಗಳ ಹೆಂಡತಿ. ಪ್ರತಿ ಸಲ ಇಳಿಯುವ ಮೊದಲು ಕನ್ನಡಿಯ ಕಿವಿ ಮಡಚಿ ತೋರಿಸಬೇಕು, ಇಲ್ಲದಿದ್ದರೆ ಇಳಿಯುವುದಿಲ್ಲ. ಊಟಕ್ಕೆ ಕೂತಾಗ ಕೈ ಸೋತು ಹೋಗಿತ್ತು. ಎಷ್ಟು ದಿನದ ಮೇಲೆ ಇಷ್ಟು ನಕ್ಕೆನೋ.

ಅಕ್ಟೋಬರ್ 14, ಶನಿವಾರ

ಕಾರಿಗೆ ಏನೋ ಆಗಿದೆ. ಬಿಳಿ ಗೆರೆಯ ರಸ್ತೆಯಲ್ಲಿ ಇವತ್ತು ಒಂದು ಗಂಟೆಯೂ ಇಲ್ಲ. ಪಾದ್ರಿಗಳು ನಿದ್ದೆ ಹೋಗಿದ್ದರು, ಹಿಂದಿನವನು ಮೊದಲೇ ಮೌನವ್ರತ. ನಾನೇ ಕಿವಿಗೊಟ್ಟು ಕೂತೆ. ಮಂಗಳವಾರ ಎರಡು ಸಲ ಬಾರಿಸಿತ್ತು, ಗುರುವಾರ ಒಂದು. ನಾನು ಅತಿಯಾಗಿ ತೊಳೆದು ನೀರು ಒಳಗೆ ಹೋಯಿತೋ ಏನೋ.

ಅಕ್ಟೋಬರ್ 19, ಗುರುವಾರ

ಇವತ್ತೂ ಇಲ್ಲ. ಪರೀಕ್ಷೆಗೆ ಎಂಟು ದಿನ, ಈಗಲೇ ಕೆಡಬೇಕಿತ್ತೆ. ಮುಂದಿನ ಗಾಜಿನ ಮೇಲಿರುವ ಕ್ಯಾಮೆರಾದ ಕಣ್ಣನ್ನು ಹಳೆಯ ಲಾವಲಾವದ ಮೆತ್ತನೆ ತುಂಡಿನಿಂದ ಒರೆಸಿದೆ. ಪ್ರಯೋಜನವಿಲ್ಲ. ಸಂಜೆ ನಾಗಿಸಾಳನ್ನು ಓಡೋಡಿ ಹೋಗಿ ಕರೆತಂದೆ. ಅವಳು ಪರದೆಯ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಎಲ್ಲ ಚಾಲೂ ಇದೆ, ಏನೂ ಕೆಟ್ಟಿಲ್ಲ ಅಂದಳು.

“ಮತ್ಯಾಕೆ ಬಾರಿಸ್ತಿಲ್ಲ?” ಅಂದೆ.

ಜೀಗುಜ್ಜೆ ಮರದ ಕೆಳಗೆ ಕೂತಿದ್ದ ಅಲೆಸಾನಾ ಮೂರು ವಾರದ ಮೇಲೆ ಕಾರಿನ ವಿಷಯಕ್ಕೆ ಬಾಯಿ ತೆಗೆದ. “ಹೇಳೋಕೆ ಏನೂ ಇಲ್ಲ ಅದಕ್ಕೆ. ಸುಮ್ನೆ ಇದೆ, ಬಿಡು.”

ಕಾರಿನ ಪಕ್ಷ ವಹಿಸಿ ಮಾತಾಡುತ್ತಾನೆ. ನಾಳೆ ಮತ್ತೊಮ್ಮೆ ಒರೆಸಿ ನೋಡುತ್ತೇನೆ.

ಅಕ್ಟೋಬರ್ 27, ಶುಕ್ರವಾರ

ಪಾಸು, ಪಾಸು, ಪಾಸು.

ಬೀಸಣಿಗೆ ಮತ್ತೆ ಬಂತು. ಬರಲಿ ಅಂದೆ, ವಾರದಿಂದ ನಾನೇ ಕಾರಿನ ಪರದೆಗೆ ಬಟ್ಟೆ ಹೊದಿಸಿ ಓಡಿಸಿದ್ದೆ. ಮಾರುಕಟ್ಟೆಯ ಕೂಡುರಸ್ತೆ, ಅದೇ ಬಸ್ಸು, ದೇವರ ದಯೆಯಿಂದ ಅದೇ ಟ್ಯಾಕ್ಸಿ. ಬಲಗೈ. ಟಿಕ್ ಟಿಕ್ ಟಿಕ್. ಕಿವಿಯಲ್ಲಿ ಯಾರೂ ಇರಲಿಲ್ಲ. ತಿರುಗಿ ಮುಗಿದ ಮೇಲೆ ಲೆಮಾನಾ ಬೀಸಣಿಗೆ ತೆಗೆದು ಗಾಳಿ ಹಾಕಿಕೊಂಡಳು, ಎಷ್ಟು ಅಂಕ ಅಂತ ನಾನೇ ಕೇಳಬೇಕಾಯಿತು. “ನಾಲ್ಕನೇ ಕ್ಲಾಸಲ್ಲಿ ನೀವು ನಂಗೆ ಕೊಟ್ಟಿದ್ದಕ್ಕಿಂತ ಜಾಸ್ತಿ” ಅಂದಳು.

ಬೆಂಚಿನ ಮೇಲೆ ಕೂತಿದ್ದ ಅಲೆಸಾನಾನಿಗೆ ಹೇಳುವ ಮೊದಲೇ ಗೊತ್ತಾಗಿತ್ತು. “ಓಡ್ಕೊಂಡು ಬರ್ತಿದೀಯಲ್ಲ, ಅಳೋಳು ಓಡಲ್ಲ” ಅಂದ. ಅಂದು ತಾನೇ ಅತ್ತ. ತಿರೇಸಾಳಿಗೆ ಫೋನ್ ಮಾಡಿ, ನೀಲಿ ಹೂವಿನ ಪರದೆಯನ್ನು ನಮಗೆ ಕೊಟ್ಟುಬಿಡು, ಕಾರಿಗೆ ಹೊದಿಸುತ್ತೇನೆ ಅಂದೆ. ಅವಳೂ ಅತ್ತಳು, ಆಮೇಲೆ ಬೈದಳು.

ನವೆಂಬರ್ 2, ಗುರುವಾರ

ಮಂಗಳವಾರ ಪಾದ್ರಿಗಳು ಕೊನೆಯ ಸಲ ಜೊತೆಗೆ ಬಂದಿದ್ದರು. ನಿನ್ನೆ ವಿಮಾನ ಹತ್ತಿದರು. ಇವತ್ತು ನಾವಿಬ್ಬರೇ.

ನಾಲ್ಕೂವರೆಗೆ ಅಲೆಸಾನಾನನ್ನು ನರ್ಸಮ್ಮ ಹೊರಗೆ ಬಿಟ್ಟರು. ಕಾರನ್ನು ಕೈಯಲ್ಲಿ ತಡವಿಕೊಂಡು ಬಂದು ಹಿಂದಿನ ಬಾಗಿಲು ತೆಗೆದ.

“ಅಲ್ಲಲ್ಲ, ಮುಂದೆ ಬಾ.”

“ಇಲ್ಲೇ ಇರ್ತೀನಿ ಬಿಡೆ. ನನ್ನ ಬಾಯಿ ಸುಮ್ನಿರಲ್ಲ.”

“ಮಾತಾಡಿದ್ರೆ ಮಾತಾಡು. ಕಲ್ಲು ಕಾಯಿಸಿಟ್ಟಿದೀನಿ, ಆರೋಗುತ್ತೆ. ಬಾ.”

ಬಂದು ಎಡಗಡೆ ಕೂತ. ಬೆಲ್ಟ್ ಹಾಕಿದೆ, ಕಂಬಳಿ ಹೊದಿಸಿದೆ. ಗುಂಡಿ ಒತ್ತಿದಾಗ ಜಪಾನಿನ ಹೆಂಗಸು ತನ್ನ ಕಾರ್ಡನ್ನು ಕೇಳಿದಳು, ಅವನು ಆಮೆನ್ ಅಂದ. ಬಿಳಿ ಗೆರೆಯ ರಸ್ತೆ ಮುಗಿದು ಬೆಟ್ಟ ಹತ್ತತೊಡಗಿದೆವು. ತುದಿಯಲ್ಲಿ ಮಂಜು, ದೀಪಗಳು ತಾವೇ ಹೊತ್ತಿಕೊಂಡವು. ಇಳಿಜಾರಿನಲ್ಲಿ ಜಲಪಾತದ ಹತ್ತಿರ ಒಂದು ಕೆಟ್ಟ ತಿರುವಿದೆ. ಪಾದ್ರಿಗಳು ಓಡಿಸಲಿ, ನಾನು ಓಡಿಸಲಿ, ಅಲ್ಲಿ ಇವನ ಕಾಲು ಧಡ್ ಅಂತ ಒತ್ತದೆ ಬಿಟ್ಟದ್ದಿಲ್ಲ. ಹಿಂದಿನ ಸೀಟಿನಿಂದಲೂ ಒತ್ತುತ್ತಿದ್ದ, ನನ್ನ ಬೆನ್ನಿಗೆ ತಗುಲುತ್ತಿತ್ತು. ತಿರುವು ಬಂತು. ನಾನು ಕಾದೆ. ಸದ್ದಿಲ್ಲ.

ತಿರುವು ದಾಟಿದ ಮೇಲೆ ಓರೆಗಣ್ಣಿನಲ್ಲಿ ನೋಡಿದೆ. ಚಪ್ಪಲಿ ಕಾಲಿನಿಂದ ಜಾರಿ ಪಕ್ಕಕ್ಕೆ ಬಿದ್ದಿತ್ತು. ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆ ಹೋಗಿದ್ದ. ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಓಡುವ ಗಾಡಿಯಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

ಊರು ಮುಟ್ಟುವ ಹೊತ್ತಿಗೆ ಸಂಜೆ ಪ್ರಾರ್ಥನೆಯ ಗಂಟೆ ಬಡಿಯಿತು. ಎಲ್ಲರ ಹಾಗೆ ನಾನೂ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಕಾರು ಆರಿಸಿದೆ. ಮನೆಮನೆಯಿಂದ ಹಾಡು ಕೇಳಿಸುತ್ತಿತ್ತು, ನಮ್ಮ ಜೀಗುಜ್ಜೆ ಮರ ಅಲ್ಲಿಂದಲೇ ಕಾಣುತ್ತಿತ್ತು. ಅವನ ಸೀಟನ್ನು ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು. ದಾರಿಯುದ್ದಕ್ಕೂ ಕಾರು ಒಂದು ಗಂಟೆಯನ್ನೂ ಬಾರಿಸಿರಲಿಲ್ಲ. ಅದನ್ನು ಯಾರಿಗಾದರೂ ತೋರಿಸಲೇಬೇಕು.

ಪ್ರಾರ್ಥನೆ ಮುಗಿದು ಮತ್ತೆ ಗಂಟೆಯಾಯಿತು. ಗುಂಡಿ ಒತ್ತಿದೆ. ಹೆಂಗಸು ಹೇಳಬೇಕಾದದ್ದನ್ನು ವಿನಯದಿಂದ ಹೇಳಿದಳು. ಅಲೆಸಾನಾ ಗೊರಕೆ ಹೊಡೆಯುತ್ತಲೇ ಇದ್ದ, ಏಳಲಿಲ್ಲ. ಅವನ ಪರವಾಗಿ ನಾನೇ ಮೆಲ್ಲಗೆ ಆಮೆನ್ ಅಂದೆ, ಬಲಗೈಯ ಕಡ್ಡಿ ಒತ್ತಿ ಮನೆಯ ಕಡೆ ತಿರುಗಿಸಿದೆ.